ಮನೆತನದ ಮರಗೆಲಸದ ಕಾಲನಿರ್ಣಯ

ಕವಿಯೊಬ್ಬನ ಕಾಲವನ್ನು ಐವತ್ತು ವರ್ಷ ಹಿಂದಕ್ಕೆ ಸರಿಸಬೇಕಾದರೆ ಶಾಸನವನ್ನೋ ಗ್ರಂಥಾಂತರದ ಉಲ್ಲೇಖವನ್ನೋ ಬೇಡುವ ನಾವು, ಬೀಟೆಯ ಪೆಟ್ಟಿಗೆಯೊಂದನ್ನು ತೋರಿಸಿ "ಇದು ಪೂರ್ಣಯ್ಯನವರ ಕಾಲದ್ದು" ಎಂದೊಡನೆ ತಲೆದೂಗಿಬಿಡುತ್ತೇವೆ. ಯಳಂದೂರಿನ ಸುತ್ತಿನಲ್ಲಿ ಈ ಮಾತಿಗೆ ಆಕರ್ಷಣೆ ಹೆಚ್ಚು. 1807ರಲ್ಲಿ ಯಳಂದೂರು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದಿತಷ್ಟೆ. ಮನೆತನದ ಹೇಳಿಕೆಯನ್ನು ಸುಳ್ಳೆಂದು ತಳ್ಳುವುದು ನಮ್ಮ ಉದ್ದೇಶವಲ್ಲ. ಅದು ಒಂದು ಸಾಕ್ಷ್ಯ. ಆದರೆ ಪ್ರತ್ಯಂತರಗಳೊಡನೆ ಹೋಲಿಸಿ ನೋಡದ ಓಲೆಪ್ರತಿಯಂತೆ, ತಾನೊಂದೇ ನಿಂತು ನಿರ್ಣಯ ಕೊಡಲಾರದು.

ಬರಹವುಳ್ಳ ವಸ್ತುಗಳಿಂದಲೇ ಆರಂಭಿಸಬಹುದು. ಪೆಟ್ಟಿಗೆಯ ಮುಚ್ಚಳದಲ್ಲಿ "ಪ್ರಭವ ಸಂವತ್ಸರ" ಎಂದು ಮಾತ್ರವೇ ಕೊರೆದಿದ್ದರೆ ಅದು 1807-08 ಆಗಬಹುದು, 1867-68 ಆಗಬಹುದು, 1927-28 ಸಹ ಆಗಬಹುದು. ಜಹಗೀರು ಬಂದದ್ದು ಪ್ರಭವದಲ್ಲಿಯೇ ಆದುದರಿಂದ ಮೊದಲನೆಯದನ್ನೇ ಹಿಡಿಯುವ ಆಸೆ ಸಹಜವಾದದ್ದು. ಶಕವರ್ಷವಿಲ್ಲದೆ ಆ ಆಸೆಗೆ ಆಧಾರವಿಲ್ಲ. ಶಕವರ್ಷವಿದ್ದರೂ ಆ ಅಕ್ಷರಗಳು ಪೆಟ್ಟಿಗೆಯೊಡನೆ ಹುಟ್ಟಿದುವೋ, ಮುಂದೆ ಮದುವೆಗೋ ಪಾಲಿಗೋ ಕೊರೆಯಿಸಿದುವೋ ಎಂಬುದನ್ನು ವಿಚಾರಿಸಬೇಕು. ಸುತ್ತಣ ಹಲಗೆ ಸವೆದು ನುಣುಪಾಗಿರುವಾಗ ಅಕ್ಷರಗಳ ಅಂಚು ಮಾತ್ರ ಚೂಪಾಗಿಯೇ ಉಳಿದಿದ್ದರೆ ಅದನ್ನು ಪ್ರಕ್ಷೇಪವೆಂದು ಶಂಕಿಸತಕ್ಕದ್ದು.

ಪ್ರಕ್ಷೇಪಗಳು ಇನ್ನೂ ಉಂಟು. ಬೀಗ, ಕೀಲು, ಹಿಡಿ ಇವು ಕಾಲಕಾಲಕ್ಕೆ ಬದಲಾಗುವ ಭಾಗಗಳು. ಇವುಗಳಿಂದ ಇಡೀ ವಸ್ತುವಿನ ವಯಸ್ಸನ್ನು ಹೇಳುವುದು ಲಿಪಿಕಾರನ ಕಾಲವನ್ನು ಕವಿಗೆ ಕಟ್ಟಿದಂತೆ. ಮೊಳೆಗಳ ಸಾಕ್ಷ್ಯ ಇದಕ್ಕಿಂತ ಗಟ್ಟಿಯಾದುದು, ಆದರೆ ಅದು ಒಂದು ಕಡೆಗೆ ಮಾತ್ರ ಸಾಗುತ್ತದೆ. ಯಂತ್ರದಲ್ಲಿ ಎಳೆದ ದುಂಡುತಂತಿಯ ಮೊಳೆ ವ್ಯಾಪಕವಾದುದು 19ನೆಯ ಶತಮಾನದ ಕೊನೆಯ ಭಾಗದಲ್ಲಿ. ತುದಿ ಚೂಪಾದ ತಿರುಪುಮೊಳೆ ಬಂದುದು ಆ ಶತಮಾನದ ನಡುವೆ. ಇವು ಮೊದಲ ಕಟ್ಟಿನಲ್ಲಿಯೇ ಇದ್ದುವೆಂದು ಸ್ಥಿರಪಟ್ಟರೆ ಪೂರ್ಣಯ್ಯನವರ ಮಾತು ಅಲ್ಲಿಗೆ ಮುಗಿಯಿತು. ಕಮ್ಮಾರನು ಬಡಿದ ಚೌಕಮೊಳೆ ಇದ್ದರೆ ಹಾಗೆ ಎದುರು ದಿಕ್ಕಿನಲ್ಲಿ ವಾದಿಸಲಾಗದು. ಹಳ್ಳಿಯ ಕುಲುಮೆ ಅಂಗಡಿಯ ಮೊಳೆ ಬಂದ ದಿವಸವೇ ಆರಲಿಲ್ಲ. ಹಾಗೆಯೇ ಬಾಚಿಯ ಏಟಿನ ಗುರುತು, ಇಬ್ಬರು ಆಳುಗಳು ಎಳೆದ ಗರಗಸದ ಓರೆಕೋರೆ ಗೀರು, ಮೊಳೆಯಿಲ್ಲದೆ ನಾಲಿಗೆಯನ್ನು ಕುಳಿಯಲ್ಲಿ ಕೂಡಿಸಿದ ಬೆಸುಗೆ ಇವೆಲ್ಲ ಕೈಗೆಲಸಕ್ಕೆ ಪ್ರಮಾಣವೇ ಹೊರತು ಪ್ರಾಚೀನತೆಗೆ ಅಲ್ಲ. ಬಿಲ್ಲಿನಂತೆ ಬಾಗಿದ ಗೀರುಗಳಾದರೋ ಚಕ್ರಗರಗಸದವು. ಅವು ಆ ಯಂತ್ರದ ಬಳಕೆಗೆ ಹಿಂದಿನವಾಗಲಾರವು.

ವಿಜ್ಞಾನವನ್ನು ಮೊರೆಹೊಗೋಣವೆಂದರೆ ಅಲ್ಲಿಯೂ ಮಿತಿಯುಂಟು. ಇಂಗಾಲದ ಪರೀಕ್ಷೆ ಸುಮಾರು 1650ರಿಂದ 1950ರ ವರೆಗಿನ ವಸ್ತುಗಳಿಗೆ ಒಂದಕ್ಕೆ ಬದಲಾಗಿ ಹಲವು ಕಾಲಗಳನ್ನು ಕೊಡುತ್ತದೆ. ನಮಗೆ ಬೇಕಾದ ಅವಧಿಯೇ ಅದು. ತೇಗದಲ್ಲಿ ವರ್ಷದ ಉಂಗುರಗಳು ಕಾಣುವುದು ನಿಜ. ಆದರೆ ಬಡಗಿಯು ಹೊರಗಣ ಬಿಳಿಮರವನ್ನು ಕೆತ್ತಿ ತೆಗೆದಿದ್ದರೆ ಉಳಿದ ಉಂಗುರಗಳು ಮರ ಯಾವ ವರ್ಷಕ್ಕೆ ಮುಂಚೆ ಉರುಳಿರಲಾರದು ಎಂಬುದನ್ನಷ್ಟೇ ಹೇಳುತ್ತವೆ. ಬಿದ್ದ ತೊಟ್ಟಿಮನೆಯ ಕಂಬವು ಮೊಮ್ಮಗನ ಕಾಲದಲ್ಲಿ ಮಂಚದ ಕಾಲಾಗಿದ್ದರೆ ಮರದ ವಯಸ್ಸು ಬೇರೆ, ಮಂಚದ ವಯಸ್ಸು ಬೇರೆ.

ಮೂಲಸ್ಥಾನದ ಪ್ರಶ್ನೆ ಇದಕ್ಕಿಂತ ತೊಡಕಿನದು. ಯಳಂದೂರು ಮೈಸೂರು ಸಂಸ್ಥಾನದೊಳಗಿತ್ತು. ನೆರೆಯ ಕೊಳ್ಳೇಗಾಲ ತಾಲ್ಲೂಕು, ಆಗ ಅದರಲ್ಲಿಯೇ ಸೇರಿದ್ದ ಹನೂರಿನ ಸಮೇತ, 1956ರ ವರೆಗೆ ಮದರಾಸಿನ ಆಡಳಿತದಲ್ಲಿ ಕೊಯಮತ್ತೂರು ಜಿಲ್ಲೆಗೆ ಒಳಪಟ್ಟಿತ್ತು. ಹೀಗಿರಲು ಇಲ್ಲಿಯ ಪ್ರತಿಯೊಂದು ಒಳ್ಳೆಯ ಕೆಲಸವನ್ನೂ "ಮೈಸೂರು ಕೆಲಸ" ಎನ್ನುವುದು ಇಂದಿನ ಜಿಲ್ಲೆಯ ಎಲ್ಲೆಯನ್ನು ಹಿಂದಿನ ಕಾಲದ ಮೇಲೆ ಹೊರಿಸಿದಂತೆ. ಕೊಳ್ಳೇಗಾಲದ ಪೆಟ್ಟಿಗೆಯನ್ನು ಕೊಯಮತ್ತೂರಿನ ಕಡೆಯ ಪೆಟ್ಟಿಗೆಯೊಡನೆಯೂ ಹೋಲಿಸಬೇಕು. ಮರದ ಜಾತಿಯಿಂದ ತೀರ್ಮಾನವಾಗದು. ತೇಗ, ಬೀಟೆ, ಹೊನ್ನೆಗಳು ಯಾವ ಸರಕಾರದ ಎಲ್ಲೆಯನ್ನೂ ಕೇಳಿ ಬೆಳೆದವಲ್ಲ. "ಅರಮನೆಯಿಂದ ಬಂದದ್ದು" ಎನ್ನುವವರು ಮೈಸೂರಿನ ಹಳೆಯ ಮರದರಮನೆ 1897ರಲ್ಲಿ ಬೆಂಕಿಗೆ ಆಹುತಿಯಾಯಿತೆಂಬುದನ್ನೂ ಹೊಸದು 1912ರಲ್ಲಿ ಮುಗಿಯಿತೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹೆಸರುಗಳಿಂದಲೂ ಕೆಲವರು ವಾದಿಸುವುದುಂಟು. ಮಣೆ, ತೊಟ್ಟಿಲು ನಮ್ಮವು. ಕುರ್ಚಿ ಅರಬ್ಬಿಯಿಂದ, ಮೇಜು ಪಾರಸಿಯಿಂದ, ಅಲಮಾರು ಪೋರ್ತುಗೀಸಿನಿಂದ ಬಂದವು. ಇದು ಪದದ ಚರಿತ್ರೆ, ಮನೆಯಲ್ಲಿರುವ ವಸ್ತುವಿನದಲ್ಲ. ಯಳಂದೂರಿನವಳೆಂದು ಪ್ರಸಿದ್ಧಳಾದ ಹೊನ್ನಮ್ಮನ ಹೆಸರಿನಲ್ಲಿ ಎಲೆಯಡಿಕೆಯ ಸಂಚಿ ಇಂದಿಗೂ ಉಳಿದಿದೆ. ಅದರಿಂದ ಯಾರ ಮನೆಯ ಸಂಚಿಗೂ ಚಿಕ್ಕದೇವರಾಜರ ಕಾಲ ಬಂದುಬಿಡುವುದಿಲ್ಲ. ಗೌರೀಶ್ವರ ದೇವಾಲಯದ ಬಳೆಮಂಟಪದ ಶಿಲ್ಪವನ್ನು ಹೋಲುವ ಬಳ್ಳಿಯನ್ನು ಮರದಲ್ಲಿ ಕಂಡು 17ನೆಯ ಶತಮಾನವನ್ನು ಊಹಿಸುವುದೂ ಇದೇ ಬಗೆಯದು. ಕಲ್ಲು ಇಂದಿಗೂ ನಿಂತಿರುವಾಗ ಅದನ್ನು ನೋಡಿ ಯಾವ ಕಾಲದ ಬಡಗಿಯಾದರೂ ಕೊರೆಯಬಹುದು.

ಇದರಲ್ಲಿ ನಷ್ಟ ಯಾರಿಗೆ ಎಂದರೆ, ಆ ಬಡಗಿಗೇ. 1927ರ ಪ್ರಭವದಲ್ಲಿ ಊರಿನ ಆಚಾರಿಯೊಬ್ಬನು ಮಾಡಿದ ಪೆಟ್ಟಿಗೆಯನ್ನು ದಿವಾನರ ಕಾಲಕ್ಕೆ ಒಯ್ದರೆ ವಸ್ತುವಿಗೆ ಬೆಲೆ ಏರಬಹುದು. ಅವನ ಹೆಸರನ್ನು ವಿಚಾರಿಸುವ ದಾರಿ ಮುಚ್ಚಿಹೋಗುತ್ತದೆ. ಕಾರೈಕುಡಿಯಂತಹ ಹಳೆಯ ಸಾಮಾನಿನ ಪೇಟೆಗೆ ಸೇರಿದ ಮೇಲಂತೂ ಊರು ಯಾವುದೆಂಬುದೇ ಅಳಿದುಹೋಗುವ ಭಯವುಂಟು. ಮನೆಗಳಲ್ಲಿ ಉಳಿದಿರುವ ಪಾಲುಪಟ್ಟಿ, ಮದುವೆಯ ಬಳುವಳಿಯ ಪಟ್ಟಿ, ಮರ ಕೊಂಡ ಲೆಕ್ಕ ಇವುಗಳನ್ನು ವಸ್ತು ಮಾರಾಟವಾಗುವುದಕ್ಕೆ ಮುಂಚೆ ನಕಲು ಮಾಡಿಕೊಳ್ಳಬೇಕು. ಹೊಸ ವಾರ್ನೀಷು ಬಳಿಯುವ ಮೊದಲು ಪೆಟ್ಟಿಗೆಯನ್ನು ಬೋರಲು ಹಾಕಿ, ಯಾರೂ ಉಜ್ಜಿ ಹೊಳಪು ಕೊಡದ ಅದರ ತಳವನ್ನು ಪರೀಕ್ಷಿಸಬೇಕು.