ಗಲ್ಲಾಪೆಟ್ಟಿಗೆ ನೋಡಿ ಕೂಲಿ ಹೇಳುವವರು

ಕಾಲೇಜು ಆಟಗಾರರಿಗೆ ದುಡ್ಡು ಕೊಡಬೇಕೆ ಎಂಬ ಚರ್ಚೆ ಎಲ್ಲಿ ಎದ್ದರೂ ಟೇಲರ್ ಬ್ರಾಂಚ್ ಹೆಸರು ಬಂದೇ ಬರುತ್ತದೆ. 2011ರ ಅಕ್ಟೋಬರಿನಲ್ಲಿ ‘ದಿ ಅಟ್ಲಾಂಟಿಕ್’ ಪತ್ರಿಕೆಗೆ ಅವರು ಬರೆದ ‘ದಿ ಶೇಮ್ ಆಫ್ ಕಾಲೇಜ್ ಸ್ಪೋರ್ಟ್ಸ್’ ಎಂಬ ದೀರ್ಘ ಲೇಖನವನ್ನು ಫ್ರಾಂಕ್ ಡೆಫೋರ್ಡ್ ಅವರಂಥ ಹಿರಿಯ ಕ್ರೀಡಾ ಬರಹಗಾರರೇ ಹಾಡಿ ಹೊಗಳಿದರು. ಅಮೆರಿಕದ ಕಾಲೇಜು ಕ್ರೀಡೆಯನ್ನು ಆಳುವ ಎನ್‌ಸಿಎಎ ಸಂಸ್ಥೆಯ ಬೂಟಾಟಿಕೆಯನ್ನು ಬ್ರಾಂಚ್ ಬಯಲಿಗೆಳೆದ ರೀತಿ ಮೆಚ್ಚತಕ್ಕದ್ದೇ. ಅದನ್ನಿಲ್ಲಿ ಮತ್ತೆ ವಿವರಿಸಬೇಕಿಲ್ಲ. ಆದರೆ ಆ ಲೇಖನದ ಕೀರ್ತಿ ಅದರ ವಾದಕ್ಕಿಂತ ದೊಡ್ಡದಾಗಿ ಬೆಳೆದಿದೆ. ಸಂಬಳದ ಯೋಜನೆಯನ್ನೇನೂ ಬ್ರಾಂಚ್ ಮುಂದಿಡುವುದಿಲ್ಲ. ದುಡಿಯುವವನ ಕೈಗೆ ದುಡ್ಡು ಸೇರದಂತೆ ತಡೆಯುವ ಹಕ್ಕು ನಿಮಗೆಲ್ಲಿಂದ ಬಂತು ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಅವರು ಬಲ ತುಂಬುವುದು ಟಿವಿ ಹಕ್ಕಿನಿಂದ ಬರುವ ಡಾಲರುಗಳ ರಾಶಿಯನ್ನು ತೋರಿಸಿ. ಇಷ್ಟೊಂದು ಬರುತ್ತಿದೆ, ಆಡುವವನಿಗೇಕೆ ಇಲ್ಲ ಎಂಬುದೇ ಅಲ್ಲಿನ ತಿರುಳು. ಈ ವಾದವನ್ನು ನಮ್ಮ ಕೋಲಾರ ಜಿಲ್ಲೆಯ ಬಂಗಾರಪೇಟೆಗೆ ತಂದರೆ ಅದು ನಿಲ್ಲುವುದಿಲ್ಲ. ಮಾರಿಕುಪ್ಪಂನಲ್ಲಿ ಬೆಳಗಿನ ರೈಲು ಹತ್ತಿ ಬೆಂಗಳೂರಿನ ಕಾಲೇಜಿಗೆ ಕಬಡ್ಡಿ ಆಡಲು ಹೋಗುವ ಹುಡುಗಿಯ ಆಟಕ್ಕೆ ಯಾವ ವಾಹಿನಿಯೂ ಹಣ ಸುರಿಯುವುದಿಲ್ಲ. ಹಾಗಿದ್ದರೆ ಅವಳಿಗೆ ಸಲ್ಲಬೇಕಾದದ್ದು ಏನೂ ಇಲ್ಲವೆ?

ಇದಕ್ಕೆ ಉತ್ತರ ಬ್ರಾಂಚ್ ಲೇಖನದಲ್ಲೇ ಇತ್ತು. ಅವರು ಅದನ್ನು ಕೈಯಲ್ಲಿ ಹಿಡಿದು, ಬಿಟ್ಟು ಮುಂದೆ ಹೋದರು. 1955ರಲ್ಲಿ ಕೊಲರಾಡೊದ ಫೋರ್ಟ್ ಲೂಯಿಸ್ ಕಾಲೇಜಿನ ಪರವಾಗಿ ಫುಟ್‌ಬಾಲ್ ಆಡುತ್ತಿದ್ದ ರೇ ಡೆನಿಸನ್ ತಲೆಗೆ ಪೆಟ್ಟು ಬಿದ್ದು ಸತ್ತ. ಅವನ ಹೆಂಡತಿ ಕಾರ್ಮಿಕರಿಗೆ ಸಿಗುವ ಮರಣ ಪರಿಹಾರವನ್ನು ಕೇಳಿದಳು. 1957ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ಅದನ್ನು ನಿರಾಕರಿಸಿತು. ಕೋರ್ಟಿನ ತರ್ಕವನ್ನು ನಿಧಾನವಾಗಿ ನೋಡಬೇಕು. ಡೆನಿಸನ್ ಹೊತ್ತಿಗೆ ಸರಿಯಾಗಿ ಬರುತ್ತಿದ್ದನೆ, ಕೋಚ್ ಹೇಳಿದಂತೆ ಕೇಳಬೇಕಿತ್ತೆ, ಮೈಯನ್ನು ಅಪಾಯಕ್ಕೊಡ್ಡಿದ್ದು ಯಾರ ಹೆಸರಿಗಾಗಿ ಎಂಬ ಪ್ರಶ್ನೆಗಳ ಮೇಲೆ ತೀರ್ಪು ನಿಲ್ಲಲಿಲ್ಲ. ಕಾಲೇಜು ಫುಟ್‌ಬಾಲ್ ವ್ಯಾಪಾರ ನಡೆಸುತ್ತಿಲ್ಲ ಎಂಬುದರ ಮೇಲೆ ನಿಂತಿತು. ಅಂದರೆ ಪೆಟ್ಟು ಬಿದ್ದದ್ದು ತಲೆಗಾದರೂ ಕೋರ್ಟು ನೋಡಿದ್ದು ಗಲ್ಲಾಪೆಟ್ಟಿಗೆಯನ್ನು. ಇದಕ್ಕೆ ಬ್ರಾಂಚ್ ಕೊಡುವ ಉತ್ತರವೇನು? ಇವತ್ತು ಅದು ದೊಡ್ಡ ವ್ಯಾಪಾರವಾಗಿದೆ ಎಂದು ಪುಟಗಟ್ಟಲೆ ಸಾಬೀತುಪಡಿಸುತ್ತಾರೆ. ಸಾಬೀತೂ ಆಗುತ್ತದೆ. ಆದರೆ ಹಾಗೆ ಮಾಡುವಾಗ ಕೋರ್ಟಿನ ಅಳತೆಗೋಲನ್ನೇ ಒಪ್ಪಿಕೊಂಡಂತಾಗುತ್ತದೆ. ವ್ಯಾಪಾರವಿದ್ದರೆ ಹಕ್ಕು, ಇಲ್ಲದಿದ್ದರೆ ಇಲ್ಲ. ವಿಚಿತ್ರವೆಂದರೆ, ಡೆನಿಸನ್ ಆಡುತ್ತಿದ್ದದ್ದು ಟಿವಿ ಡಾಲರು ಸುಳಿಯದ ಸಣ್ಣ ಕಾಲೇಜಿಗೆ. ಬ್ರಾಂಚ್ ವಾದ ಪೂರ್ತಿ ಗೆದ್ದರೂ ಆ ವಿಧವೆಗೆ ಚಿಕ್ಕಾಸು ದಕ್ಕುವುದಿಲ್ಲ. ಲೇಖನದ ಅತ್ಯಂತ ನೋವಿನ ಪ್ರಕರಣಕ್ಕೇ ಲೇಖನದ ವಾದ ತಾಗುವುದಿಲ್ಲ ಎಂಬುದನ್ನು ಹೊಗಳಿದವರು ಯಾಕೆ ಗಮನಿಸಲಿಲ್ಲ?

ಬ್ರಾಂಚ್ ನಂತರ ಬಂದವರು ಈ ದೋಷವನ್ನು ತಿದ್ದುವ ಬದಲು ಗಟ್ಟಿಮಾಡಿದರು. ನ್ಯೂಯಾರ್ಕ್ ಟೈಮ್ಸ್ ಅಂಕಣಕಾರ ಜೋ ನೊಸೆರಾ ಸಂಬಳದ ವಿವರವಾದ ಯೋಜನೆಯನ್ನೇ ಬರೆದರು. ಅದರಲ್ಲಿ ಆಟಗಾರರಿಗೆ ಆರೋಗ್ಯ ವಿಮೆಯೂ ಇತ್ತು, ಆ ಮಟ್ಟಿಗೆ ಅವರು ಬ್ರಾಂಚ್‌ಗಿಂತ ಒಂದು ಹೆಜ್ಜೆ ಮುಂದೆ. ಆದರೆ ಅದೆಲ್ಲ ಲಾಭ ತರುವ ಎರಡು ಆಟಗಳಿಗೆ, ಗಂಡಸರ ಫುಟ್‌ಬಾಲ್ ಮತ್ತು ಬಾಸ್ಕೆಟ್‌ಬಾಲಿಗೆ ಮಾತ್ರ. ಓಡುವವರು, ಈಜುವವರು, ಹೆಣ್ಣುಮಕ್ಕಳು ಹೊರಗೆ. 2025ರ ಜೂನಿನಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಒಪ್ಪಿಗೆ ಕೊಟ್ಟ ಎನ್‌ಸಿಎಎ ವಿರುದ್ಧದ ‘ಹೌಸ್’ ಪ್ರಕರಣದ ರಾಜಿ ಈ ಚಿಂತನೆಯ ಫಲ: ಒಂದೊಂದು ವಿಶ್ವವಿದ್ಯಾಲಯ ಮೊದಲ ವರ್ಷ ಸುಮಾರು 2.05 ಕೋಟಿ ಡಾಲರಿನವರೆಗೆ ಆಟಗಾರರಿಗೆ ನೇರವಾಗಿ ಹಂಚಬಹುದು. ದೊಡ್ಡ ಕಾಲೇಜುಗಳಲ್ಲಿ ಅದರ ಸಿಂಹಪಾಲು ಹೋಗುವುದು ಫುಟ್‌ಬಾಲಿಗೆ. ಇಷ್ಟು ಹಣ ಕೈಬದಲಾದರೂ ಆಟಗಾರ ಉದ್ಯೋಗಿ ಎಂದು ಆ ರಾಜಿ ಹೇಳಲಿಲ್ಲ. ಡೆನಿಸನ್ ಹೆಂಡತಿಯ ಪ್ರಶ್ನೆ ಇದ್ದಲ್ಲೇ ಇದೆ. ನನ್ನ ಮಟ್ಟಿಗೆ ಈ ಇಡೀ ಚರ್ಚೆಯ ಶ್ರೇಷ್ಠ ಬರಹ ಯಾವ ಪತ್ರಕರ್ತರದ್ದೂ ಅಲ್ಲ. 2024ರ ಫೆಬ್ರವರಿಯಲ್ಲಿ ಡಾರ್ಟ್‌ಮತ್ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದ ಬಗ್ಗೆ ಅಮೆರಿಕದ ಕಾರ್ಮಿಕ ಮಂಡಳಿಯ ಪ್ರಾದೇಶಿಕ ಅಧಿಕಾರಿಯೊಬ್ಬರು ಕೊಟ್ಟ ಆದೇಶ ಅದು. ಸಂಸ್ಥೆಗೆ ಲಾಭವಿದೆಯೋ ಇಲ್ಲವೋ ಎಂಬುದರಿಂದ ಅಲ್ಲಿ ದುಡಿಯುವವನ ಸ್ಥಾನ ಬದಲಾಗುವುದಿಲ್ಲ ಎಂದು ಅವರು ಹೇಳಿದರು. ಆ ವರ್ಷದ ಕೊನೆಗೆ ಆಟಗಾರರ ಪರವಾಗಿ ಮಂಡಳಿಗೆ ಅರ್ಜಿ ಹಾಕಿದ್ದ ಕಾರ್ಮಿಕ ಸಂಘ ಅದನ್ನು ಹಿಂತೆಗೆದುಕೊಂಡಿತು, ಆದೇಶ ಮೂಲೆ ಸೇರಿತು. ತರ್ಕ ಮಾತ್ರ ಸುಳ್ಳಾಗಲಿಲ್ಲ.

ಈ ಮಾತು ಕೋಲಾರ ಚಿನ್ನದ ಗಣಿಯ ಜನಕ್ಕೆ ಹೊಸದಲ್ಲ. ಭಾರತ್ ಗೋಲ್ಡ್ ಮೈನ್ಸ್ ವರ್ಷಗಟ್ಟಲೆ ನಷ್ಟದಲ್ಲಿ ನಡೆದು 2001ರ ಫೆಬ್ರವರಿ 28ರಂದು ಬಾಗಿಲು ಹಾಕಿತು. ಚಿನ್ನ ತೆಗೆಯುವ ಖರ್ಚು ಚಿನ್ನದ ಬೆಲೆಯನ್ನು ಮೀರಿದ್ದ ಕಾಲದಲ್ಲೂ ಚಾಂಪಿಯನ್ ರೀಫಿನ ಶಾಫ್ಟಿಗೆ ಇಳಿದವನು ಕಾರ್ಮಿಕನೇ ಆಗಿದ್ದ. ಬಂಡೆ ಸಿಡಿದು ಕಾಲು ಹೋದವನ ಪರಿಹಾರವನ್ನು ಕಾನೂನು ಅಳೆಯುತ್ತಿದ್ದದ್ದು ಅವನ ಕೂಲಿ ಮತ್ತು ಅಂಗನಷ್ಟದಿಂದ, ಕಂಪನಿಯ ಲಾಭದಿಂದಲ್ಲ. ಇದೇ ನ್ಯಾಯ ನಮ್ಮ ವಿಶ್ವವಿದ್ಯಾಲಯಗಳ ಮೈದಾನಕ್ಕೆ ಯಾಕೆ ಸಲ್ಲದು? ವಿಶ್ವವಿದ್ಯಾಲಯಗಳ ನಡುವಿನ ಕ್ರೀಡಾಕೂಟದ ಸಾಧನೆ ಮೌಲಾನಾ ಅಬುಲ್ ಕಲಾಂ ಆಜಾದ್ ಟ್ರೋಫಿಗೆ ಲೆಕ್ಕವಾಗುತ್ತದೆ. ಟ್ರೋಫಿಯೂ ಅದರ ನಗದೂ ವಿಶ್ವವಿದ್ಯಾಲಯಕ್ಕೆ. ಖಾಸಗಿ ಕಾಲೇಜುಗಳು ಪದಕ ಗೆದ್ದವರ ಫೋಟೊವನ್ನು ಅಡ್ಮಿಷನ್ ಜಾಹೀರಾತಿಗೆ ಹಾಕುತ್ತವೆ. ಆಟಗಾರನಿಗೆ ಸಿಗುವುದು ಫ್ರೀ ಸೀಟು. ಸೀಟೇ ಸಂಬಳವಲ್ಲವೆ ಎನ್ನುವವರಿದ್ದಾರೆ. ಮೊದಲೇ ಕಡಿಮೆ ಫೀಸಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಆ ಸೀಟಿನ ಬೆಲೆ ಎಷ್ಟು? ಖಾಸಗಿಯಲ್ಲಾದರೆ ಅದರ ಬೆಲೆ ಕಟ್ಟುವವರು ಕೊಡುವವರೇ. ಮುಂದೆ ಸ್ಪೋರ್ಟ್ಸ್ ಕೋಟಾದಲ್ಲಿ ರೈಲ್ವೆ ಅಥವಾ ಪೊಲೀಸ್ ಕೆಲಸ ಸಿಗುತ್ತದೆ ಎಂಬ ಭರವಸೆ ಪದಕ ಬಂದವರಿಗೆ ಮಾತ್ರ, ಅದೂ ವರ್ಷಗಳ ನಂತರ. ಖೇಲೊ ಇಂಡಿಯಾ ಯೋಜನೆ ಆಯ್ದ ಆಟಗಾರರಿಗೆ ತಿಂಗಳಿಗೆ 10,000 ರೂಪಾಯಿ ಕೈಖರ್ಚು ಕೊಡುತ್ತದೆ. ಅದರಿಂದ ಆಟ ಕೆಟ್ಟಿತು, ಓದು ಹಾಳಾಯಿತು ಎಂಬ ದೂರನ್ನು ನಾನು ಕೇಳಿಲ್ಲ. ತತ್ವದ ಪ್ರಶ್ನೆ ಅಲ್ಲಿಗೇ ಮುಗಿದಂತೆ. ಉಳಿದದ್ದು, ಆಯ್ಕೆಯಾಗದ ಸಾವಿರಾರು ಮಂದಿಯ ಪಾಡು.

ದುಡ್ಡು ಎಲ್ಲಿಂದ ತರುವುದು ಎಂಬ ಆಕ್ಷೇಪ ಗಟ್ಟಿಯಾದದ್ದು. ಕೆಜಿಎಫ್‌ನ ಒಂದು ಸರ್ಕಾರಿ ಕಾಲೇಜು ತಂಡಕ್ಕೆ ಸಂಬಳ ಕೊಡಲಾರದು, ಕೊಡಬೇಕೆಂದು ಕೇಳುವುದೂ ಸರಿಯಲ್ಲ. ಆದರೆ ಆಟಗಾರರನ್ನು ನೌಕರರೆಂದು ಕರೆಯದೆಯೂ ಅವರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸುವ ದಾರಿ ನಮ್ಮ ಕಾನೂನಿನಲ್ಲೇ ಇದೆ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಕಾರ್ಮಿಕನಲ್ಲ, ಕಲಿಯುವವನು. ಆದರೂ ಅವನಿಗೆ ತಿಂಗಳ ಸ್ಟೈಪೆಂಡ್ ಕೊಡಲೇಬೇಕು, ತರಬೇತಿಯಲ್ಲಿ ಗಾಯವಾದರೆ ಕಾರ್ಮಿಕರ ಪರಿಹಾರ ಕಾನೂನಿನಂತೆ ಪರಿಹಾರವನ್ನೂ ಕೊಡಬೇಕು. ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದ ಪ್ರತಿಯೊಬ್ಬರಿಗೂ, ಆಟ ಯಾವುದೇ ಇರಲಿ, ಇಷ್ಟನ್ನು ವಿಸ್ತರಿಸಿದರೆ ಸಾಕು. ಖರ್ಚು ಅವರು ತಂದ ಹೆಸರಿನಿಂದ ಮೆರೆಯುವ ವಿಶ್ವವಿದ್ಯಾಲಯದ್ದು ಮತ್ತು ಸರ್ಕಾರದ್ದು. ಈಗ ಕೆಜಿಎಫ್‌ನ ಬೆಮೆಲ್ ಕಾರ್ಖಾನೆಯಲ್ಲಿ ಲೇತ್ ಕಲಿಯುವಾಗ ಬೆರಳು ಕಳೆದುಕೊಂಡ ಅಪ್ರೆಂಟಿಸ್ ಪರಿಹಾರವನ್ನು ಹಕ್ಕಿನಿಂದ ಕೇಳಬಹುದು. ಅದೇ ಊರಿನಿಂದ ಹೋಗಿ ವಿಶ್ವವಿದ್ಯಾಲಯದ ಜೆರ್ಸಿಯಲ್ಲಿ ಮೊಣಕಾಲು ಮುರಿದುಕೊಂಡವಳಿಗೆ ಅಂಥ ಹಕ್ಕು ಕೊಡುವ ಕಾನೂನಿಲ್ಲ.