ಗಣಕದೊಂದಿಗೆ ತಾನಾಗಿ ಬರುವ ತಂತ್ರಾಂಶಗಳು: ಆಯ್ಕೆ ಯಾರದು?

ಹೊಸ ಗಣಕದಲ್ಲಿ ಕಾರ್ಯಾಚರಣ ವ್ಯವಸ್ಥೆಯನ್ನು ಸ್ಥಾಪಿಸುವ ಕಾರ್ಯಕ್ರಮಕ್ಕೆ ಇನ್‌ಸ್ಟಾಲರ್ ಎಂದು ಹೆಸರು. ಅದು ನಮ್ಮನ್ನು ಕೇಳುವ ಪ್ರಶ್ನೆಗಳು ಕೆಲವೇ: ಯಾವ ಭಾಷೆ, ಯಾವ ಕೀಲಿಮಣೆ, ಡಿಸ್ಕಿನ ಯಾವ ಭಾಗ, ಬಳಕೆದಾರರ ಹೆಸರೇನು. ಆದರೆ ಕೇಳದೆಯೇ ಅದು ತೀರ್ಮಾನಿಸುವ ಸಂಗತಿಗಳು ಸಾವಿರಾರು. 2023ರಲ್ಲಿ ಬಿಡುಗಡೆಯಾದ ಡೆಬಿಯನ್ 12ರ ಭಂಡಾರದಲ್ಲಿ 64,419 ಪ್ಯಾಕೇಜುಗಳಿದ್ದವು. ಅವುಗಳಲ್ಲಿ ಸಣ್ಣದೊಂದು ಪಾಲು ಮಾತ್ರ ತಾನಾಗಿ ಡಿಸ್ಕಿಗೆ ಇಳಿಯುತ್ತದೆ. ಉಳಿದದ್ದನ್ನು 'ಬೇಕಾದವರು ಆಮೇಲೆ ಸೇರಿಸಿಕೊಳ್ಳಬಹುದು' ಎಂಬುದು ತಯಾರಕರ ಉತ್ತರ. ಈ ಉತ್ತರವನ್ನು ಸ್ವಲ್ಪ ಪರೀಕ್ಷಿಸಿ ನೋಡೋಣ.

ಮೊದಲೇ ಗೊತ್ತುಮಾಡಿಟ್ಟ ಆಯ್ಕೆಗೆ, ಅಂದರೆ ಡಿಫಾಲ್ಟ್‌ಗೆ, ಎಷ್ಟು ಬಲವಿದೆ ಎಂಬುದಕ್ಕೆ ಗಣಕಗಳಿಗೆ ಸಂಬಂಧಿಸದ ಪ್ರಸಿದ್ಧ ನಿದರ್ಶನವೊಂದಿದೆ. ಎರಿಕ್ ಜಾನ್ಸನ್ ಮತ್ತು ಡೇನಿಯಲ್ ಗೋಲ್ಡ್‌ಸ್ಟೈನ್ 2003ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಯೂರೋಪಿನ ಅಂಗದಾನದ ಅಂಕಿಗಳನ್ನು ಪ್ರಕಟಿಸಿದರು. ಒಪ್ಪಿಗೆಯನ್ನು ಬರೆದುಕೊಡಬೇಕಾದ ಜರ್ಮನಿಯಲ್ಲಿ ಸಮ್ಮತಿಯ ಪ್ರಮಾಣ ಶೇ. 12. ನಿರಾಕರಣೆಯನ್ನು ಬರೆದುಕೊಡದಿದ್ದರೆ ಸಮ್ಮತಿ ಎಂದೇ ಭಾವಿಸುವ ನೆರೆಯ ಆಸ್ಟ್ರಿಯದಲ್ಲಿ ಶೇ. 99.98. ಎರಡೂ ದೇಶಗಳ ಜನರ ಸ್ವಭಾವದಲ್ಲಿ ಇಷ್ಟೊಂದು ಅಂತರವಿರಲಾರದು. ಅಂತರವಿದ್ದದ್ದು ಏನೂ ಮಾಡದೆ ಸುಮ್ಮನಿದ್ದವರನ್ನು ಯಾವ ಪಟ್ಟಿಗೆ ಸೇರಿಸಬೇಕೆಂಬ ನಿಯಮದಲ್ಲಿ.

ಶಾಲೆಯ ಗಣಕ ಕೊಠಡಿಯಲ್ಲಿ ಈ ಬಲ ಇನ್ನೂ ಹೆಚ್ಚು. ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲೂಕುಗಳಲ್ಲಿ ನಾನು ನೋಡಿರುವ ಪ್ರೌಢಶಾಲೆಗಳಲ್ಲಿ ಗಣಕಗಳನ್ನು ಸಿದ್ಧಪಡಿಸುವುದು ಸಾಮಾನ್ಯವಾಗಿ ಒಬ್ಬನೇ ತಂತ್ರಜ್ಞ, ಒಂದೇ ದಿನದ ಕೆಲಸ. ಆತ 'ಮುಂದೆ' ಎಂಬ ಗುಂಡಿಯನ್ನು ಒತ್ತುತ್ತ ಹೋಗುತ್ತಾನೆ. ಆಮೇಲೆ ಪಾಸ್‌ವರ್ಡ್ ಯಾರ ಬಳಿ ಇದೆ ಎಂಬುದೇ ಎಷ್ಟೋ ಕಡೆ ತಿಳಿದಿರುವುದಿಲ್ಲ. ಆ ದಿನ ಡಿಸ್ಕಿಗೆ ಇಳಿದ ತಂತ್ರಾಂಶಗಳೇ ಮುಂದಿನ ನಾಲ್ಕೈದು ವರ್ಷದ ಮಕ್ಕಳ ಪಾಲಿಗೆ ಗಣಕ. ಮನೆಯ ಬಳಕೆದಾರನಿಗೆ ಡಿಫಾಲ್ಟ್ ಎಂಬುದು ಒಂದು ಆರಂಭ. ಇಲ್ಲಿ ಅದೇ ಕೊನೆಯ ಆಯ್ಕೆ.

ಈ ಹಿನ್ನೆಲೆಯಲ್ಲಿ ಉಬುಂಟು ಕೈಗೊಂಡ ಒಂದು ನಿರ್ಧಾರವನ್ನು ವಿಮರ್ಶಿಸಬೇಕಾಗಿದೆ. 2018ರ 18.04 ಆವೃತ್ತಿಯಲ್ಲಿ 'ಕನಿಷ್ಠ ಸ್ಥಾಪನೆ' ಎಂಬ ಐಚ್ಛಿಕ ಸೌಲಭ್ಯ ಬಂದಿತು. ಕೇಳಿದರೆ ಮಾತ್ರ ಆಫೀಸ್ ತಂತ್ರಾಂಶ, ಆಟಗಳು ಮುಂತಾದವನ್ನು ಬಿಟ್ಟು ಸ್ಥಾಪಿಸುತ್ತಿತ್ತು. 2023ರ 23.10 ಆವೃತ್ತಿಯಲ್ಲಿ ಇದು ತಲೆಕೆಳಗಾಯಿತು. ಕನಿಷ್ಠವೇ ಡಿಫಾಲ್ಟ್ ಆಯಿತು. ಪೂರ್ಣ ಸಂಗ್ರಹ ಬೇಕೆಂದರೆ ಕೇಳಿ ಪಡೆಯಬೇಕಾಯಿತು. 2024ರ 24.04ರಲ್ಲಿಯೂ ಇದೇ ಕ್ರಮ. 'ಮುಂದೆ' ಒತ್ತುತ್ತ ಹೋದರೆ ಸಿಗುವುದು ಜಾಲವೀಕ್ಷಕ ಮತ್ತು ಕೆಲವು ಸಣ್ಣ ಸಲಕರಣೆಗಳು. ಲಿಬ್ರೆ ಆಫೀಸ್ ಇರುವುದಿಲ್ಲ.

ತಯಾರಕರ ಕಡೆಯ ವಾದವನ್ನೂ ಹೇಳಬೇಕು. ಸೇರಿಸಿದ ಪ್ರತಿಯೊಂದು ಪ್ಯಾಕೇಜಿಗೂ ವರ್ಷಗಟ್ಟಲೆ ಭದ್ರತಾ ತಿದ್ದುಪಡಿ ಒದಗಿಸುವ ಹೊಣೆ ಅವರದು. ಹಿಂದೆ ಇನ್ನೊಂದು ಕಟ್ಟುಪಾಡೂ ಇತ್ತು: ಎಲ್ಲವೂ 700 ಮೆಗಾಬೈಟಿನ ಒಂದು ಸಿ.ಡಿ.ಯೊಳಗೆ ಹಿಡಿಯಬೇಕಿತ್ತು. ಚಿತ್ರಗಳನ್ನು ತಿದ್ದುವ ಗಿಂಪ್ ತಂತ್ರಾಂಶ 2010ರ 10.04 ಆವೃತ್ತಿಯ ಪಟ್ಟಿಯಿಂದ ಹೊರಬಿದ್ದಾಗ ಕೊಟ್ಟ ಕಾರಣಗಳಲ್ಲಿ ಜಾಗವೂ ಒಂದು. ಆದರೆ 2012ರ 12.10 ಆವೃತ್ತಿ ಸಿ.ಡಿ.ಯ ಮಿತಿಯನ್ನು ದಾಟಿತು. 24.04ರ ಗಾತ್ರ 5 ಗಿಗಾಬೈಟಿಗೂ ಹೆಚ್ಚು. ಅಂದರೆ ಸಿ.ಡಿ. ಕಾಲದಲ್ಲಿ ಕಷ್ಟಪಟ್ಟು ತುರುಕುತ್ತಿದ್ದ ಆಫೀಸ್ ತಂತ್ರಾಂಶವನ್ನು, ಪೆನ್‌ಡ್ರೈವಿನಲ್ಲಿ ಬೇಕಾದಷ್ಟು ಜಾಗವಿರುವ ಕಾಲದಲ್ಲಿ ಡಿಫಾಲ್ಟ್‌ನಿಂದ ಕೈಬಿಡಲಾಗಿದೆ. ಎಲ್ಲರಿಗೂ ಅಂತರಜಾಲವಿದೆ ಎಂಬ ನಂಬಿಕೆಯೇ ಇದಕ್ಕೆ ಆಧಾರವಿರಬೇಕು.

ಇರಲಿ, ಒಂದು ಸರಳ ಲೆಕ್ಕ ಮಾಡೋಣ. ಬಿಟ್ಟುಹೋದ ತಂತ್ರಾಂಶ 300 ಮೆಗಾಬೈಟ್ ಎಂದುಕೊಳ್ಳಿ. ಅಂದರೆ 2,400 ಮೆಗಾಬಿಟ್. ಶಾಲೆಯ ಸಂಪರ್ಕದ ವೇಗ ಸೆಕೆಂಡಿಗೆ 2 ಮೆಗಾಬಿಟ್ ಆದರೆ ಒಂದು ಗಣಕಕ್ಕೆ 20 ನಿಮಿಷ. ಹತ್ತು ಗಣಕಗಳು ಅದೇ ತಂತಿಯನ್ನು ಹಂಚಿಕೊಂಡಾಗ 200 ನಿಮಿಷ, 40 ನಿಮಿಷದ ಐದು ಪೀರಿಯಡ್‌ಗಳು. ಅದೂ ವಿದ್ಯುತ್ ಹೋಗದಿದ್ದರೆ. ಇನ್ನೊಂದು ತಕ್ಕಡಿಯಲ್ಲಿ ಏನಿದೆ? ಬೇಡದವನ ಡಿಸ್ಕಿನಲ್ಲಿ 300 ಮೆಗಾಬೈಟ್ ವ್ಯರ್ಥ. 256 ಗಿಗಾಬೈಟ್ ಡಿಸ್ಕಿನಲ್ಲಿ ಅದು ಸುಮಾರು ಶೇ. 0.1. ಒಂದು ತಂತ್ರಾಂಶ ಇದ್ದರೆ ಆಗುವ ನಷ್ಟ ಮತ್ತು ಇಲ್ಲದಿದ್ದರೆ ಆಗುವ ನಷ್ಟ ಸಮನಾಗಿಲ್ಲದಿರುವಾಗ, 'ಎಷ್ಟು ಜನ ಬಳಸುತ್ತಾರೆ' ಎಂಬುದೊಂದನ್ನೇ ಮಾನದಂಡವಾಗಿ ಇಟ್ಟುಕೊಳ್ಳುವುದು ಸರಿಯಲ್ಲ.

ಎಷ್ಟು ಜನ ಬಳಸುತ್ತಾರೆ ಎಂಬ ಅಳತೆಯಾದರೂ ಸರಿಯಾಗಿದೆಯೇ? ಡೆಬಿಯನ್‌ನಲ್ಲಿ 'ಪಾಪ್‌ಕಾನ್' ಎಂಬ ಸಮೀಕ್ಷೆಯಿದೆ. ಒಪ್ಪಿದವರ ಗಣಕ ವಾರಕ್ಕೊಮ್ಮೆ ತನ್ನಲ್ಲಿರುವ ಪ್ಯಾಕೇಜುಗಳ ಪಟ್ಟಿಯನ್ನು ಕಳಿಸುತ್ತದೆ. ಯಾವ ಪ್ಯಾಕೇಜುಗಳು ಮೊದಲ ಸಿ.ಡಿ.ಗೆ ಹೋಗಬೇಕೆಂದು ನಿರ್ಧರಿಸಲು ಈ ಅಂಕಿಗಳನ್ನು ಬಳಸಲಾಗುತ್ತಿತ್ತು. ಈ ಸಮೀಕ್ಷೆಗೆ ಸೇರುತ್ತೀರಾ ಎಂಬ ಪ್ರಶ್ನೆಗೂ ಇನ್‌ಸ್ಟಾಲರಿನ ಡಿಫಾಲ್ಟ್ ಉತ್ತರ 'ಇಲ್ಲ'. ಖಾಸಗಿತನದ ದೃಷ್ಟಿಯಿಂದ ಅದು ಸರಿಯೇ. ಆದರೆ ಭೌತಶಾಸ್ತ್ರದ ವಿದ್ಯಾರ್ಥಿಗೆ ಇಲ್ಲಿನ ದೋಷ ಕೂಡಲೇ ಹೊಳೆಯಬೇಕು. ಅಂತರಜಾಲವಿಲ್ಲದ ಗಣಕ ಪಟ್ಟಿಯನ್ನು ಕಳಿಸುವುದಾದರೂ ಹೇಗೆ? ಪೆನ್‌ಡ್ರೈವಿನಲ್ಲೇ ಎಲ್ಲವೂ ಬರಬೇಕಾದವರು ಯಾರೋ ಅವರೇ ಎಣಿಕೆಯ ಹೊರಗೆ ಉಳಿಯುತ್ತಾರೆ. ರಾಮನಗರದ ಮಾರುಕಟ್ಟೆಗೆ ಬಂದ ರೇಷ್ಮೆಗೂಡನ್ನು ಮಾತ್ರ ತೂಗಿ, ಗಾಡಿ ಬಾರದ ಹಳ್ಳಿಗಳಲ್ಲಿ ಹಿಪ್ಪುನೇರಳೆಯೇ ಇಲ್ಲ ಎಂದು ಬರೆದುಕೊಂಡ ಹಾಗೆ. ಮಾದರಿಯನ್ನು ದೊಡ್ಡದು ಮಾಡಿದರೂ ಇಂಥ ದೋಷ ಕಡಿಮೆಯಾಗುವುದಿಲ್ಲ.

ಕನ್ನಡದ ವಿಷಯಕ್ಕೆ ಬಂದರೆ ಚಿತ್ರ ಮಿಶ್ರವಾಗಿದೆ. ಒಳ್ಳೆಯ ಸುದ್ದಿ ಕೀಲಿಮಣೆಯದು. ಕೆ. ಪಿ. ರಾವ್ ಅವರು ರೂಪಿಸಿದ, ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದಿಂದ ನಮ್ಮ ಶಿಕ್ಷಕರ ಬೆರಳಿಗೆ ರೂಢಿಯಾದ ವಿನ್ಯಾಸವು 'ಕಗಪ' ಎಂಬ ಹೆಸರಿನಲ್ಲಿ ಲಿನಕ್ಸ್‌ನ ಮೂಲ ಕೀಲಿಮಣೆ ಪಟ್ಟಿಯೊಳಗೇ ಸೇರಿದೆ. ಆದ್ದರಿಂದ ಪರದೆಯಿರುವ ಪ್ರತಿಯೊಂದು ಸ್ಥಾಪನೆಯಲ್ಲಿಯೂ, ಎಷ್ಟೇ ಕನಿಷ್ಠವಾಗಿರಲಿ, ಅದು ಬಂದೇ ಬರುತ್ತದೆ. ಹಿಂದಿ, ಮರಾಠಿ, ಸಂಸ್ಕೃತ, ತೆಲುಗಿಗೂ ಅದೇ ಹೆಸರಿನ ವಿನ್ಯಾಸಗಳಿವೆ. ಯಾರೋ ಕೆಲವರು ಸರಿಯಾದ ಜಾಗದಲ್ಲಿ ಸೇರಿಸಿದ್ದರ ಫಲವಿದು. ಗುಬ್ಬಿ, ನವಿಲು ಎಂಬ ಅಕ್ಷರಶೈಲಿಗಳೂ ಹೀಗೆಯೇ ಡೆಬಿಯನ್ ಭಂಡಾರ ಸೇರಿ ಅಲ್ಲಿಂದ ಉಬುಂಟುವಿಗೆ ಬಂದವು.

ಕೊರತೆಯಿರುವುದು ಬೇರೆಡೆ. ಉಬುಂಟುವಿನ ಪೆನ್‌ಡ್ರೈವಿನಲ್ಲಿ ಕೆಲವೇ ಭಾಷೆಗಳ ಅನುವಾದದ ಕಟ್ಟುಗಳಿರುತ್ತವೆ. ಕನ್ನಡದ್ದನ್ನು ಜಾಲದಿಂದ ಇಳಿಸಿಕೊಳ್ಳಬೇಕು. ಮೊದಲ ಪರದೆಯಲ್ಲಿ ಕನ್ನಡವನ್ನು ಆರಿಸಿದ ಶಿಕ್ಷಕರಿಗೆ, ಜಾಲವಿಲ್ಲದಿದ್ದರೆ, ಕೊನೆಗೆ ಸಿಗುವುದು ಇಂಗ್ಲಿಷ್. ಇನ್ನೊಂದು, ನಮ್ಮ ಶಾಲೆಗಳಲ್ಲಿ ರಾಶಿ ರಾಶಿ ಪ್ರಶ್ನೆಪತ್ರಿಕೆಗಳು ಯೂನಿಕೋಡ್ ಪೂರ್ವದ ನುಡಿ ಅಕ್ಷರಗಳಲ್ಲಿವೆ. ಹೊಸ ವ್ಯವಸ್ಥೆಯಲ್ಲಿ ತೆರೆದರೆ ಅವು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. 'ಗಣಕ ಕೆಟ್ಟಿದೆ' ಎಂದು ತೀರ್ಮಾನಿಸಿ ಹಳೆಯದಕ್ಕೇ ಮರಳಿದ ಶಿಕ್ಷಕರನ್ನು ನಾನು ಬಲ್ಲೆ. ಪರಿವರ್ತಕಗಳು ಇವೆ. ಜಗತ್ತಿನ ಸರಾಸರಿ ಬಳಕೆದಾರನಿಗೆ ಅವು ಬೇಕಿಲ್ಲವಾದ್ದರಿಂದ ಯಾವ ಜಾಗತಿಕ ಪಟ್ಟಿಯೂ ಅವುಗಳನ್ನು ಸೇರಿಸಲಾರದು. ಆದ್ದರಿಂದ ಪಟ್ಟಿಯನ್ನು ಇಲ್ಲಿಯೇ ಮಾಡಬೇಕು.

ಹಾಗೆ ಮಾಡಿದವರಿದ್ದಾರೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕೇರಳದ ಐ.ಟಿ.@ಸ್ಕೂಲ್ ಯೋಜನೆಯ (2017ರಿಂದ ಕೈಟ್ ಸಂಸ್ಥೆ) ಲಿನಕ್ಸ್ ಬಳಕೆಯಲ್ಲಿದೆ. ಅದರ ಗುಣ ತಂತ್ರಾಂಶಗಳ ಸಂಖ್ಯೆಯಲ್ಲಿಲ್ಲ. ಮಾಹಿತಿ ತಂತ್ರಜ್ಞಾನದ ಪಠ್ಯದಲ್ಲಿ ಬರುವ ಅಭ್ಯಾಸಕ್ಕೆ ಬೇಕಾದ ತಂತ್ರಾಂಶ ಆ ಡಿಸ್ಕಿನಲ್ಲಿರುತ್ತದೆ. ಪಠ್ಯ ಮತ್ತು ಡಿಸ್ಕ್ ಜೊತೆಯಾಗಿ ಹೊರಬರುತ್ತವೆ. ಕರ್ನಾಟಕದಲ್ಲಿ 2011ರ ನಂತರ ಡಿ.ಎಸ್.ಇ.ಆರ್.ಟಿ. ಮತ್ತು ಬೆಂಗಳೂರಿನ ಐ.ಟಿ. ಫಾರ್ ಚೇಂಜ್ ಸಂಸ್ಥೆ ಸೇರಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಜಿಯೋಜೀಬ್ರ, ಮಾರ್ಬಲ್, ಫ್ರೀಪ್ಲೇನ್ ಮುಂತಾದವು ಸೇರಿದ ಉಬುಂಟು ಬಳಕೆಗೆ ಬಂದಿತು. ಇದು ಮೆಚ್ಚತಕ್ಕ ಕೆಲಸ. ಆದರೆ ತರಬೇತಿಗೆ ಹೋಗಿಬಂದ ಶಿಕ್ಷಕರ ಪೆನ್‌ಡ್ರೈವಿನಲ್ಲಿ ಒಂದು ಪಟ್ಟಿ, ಶಾಲೆಯ ಗಣಕ ತುಂಬಿದ ಗುತ್ತಿಗೆದಾರನ ಬಳಿ ಇನ್ನೊಂದು ಎಂಬಂತಾಯಿತು. ಮಾಗಡಿಯ ಶಿಕ್ಷಕರಿಗಿಲ್ಲದ ಅನುಕೂಲ ಮಂಜೇಶ್ವರದ ಶಿಕ್ಷಕರಿಗಿರುವುದು ಇಲ್ಲಿಯೇ.

ಸ್ಥಳೀಯ ಪಟ್ಟಿ ಎಂದಕೂಡಲೇ ಕಂಡದ್ದನ್ನೆಲ್ಲ ತುಂಬುವ ಉತ್ಸಾಹವೂ ಬೇಡ. ಮೂರು ಪಠ್ಯ ಸಂಪಾದಕಗಳು, ಹನ್ನೆರಡು ಆಟಗಳು, ತೆರೆದರೆ ಪರದೆಯಾಚೆ ಹೋಗುವ ಮೆನು: ಇಂಥ ಡಿಸ್ಕುಗಳನ್ನೂ ಕಂಡಿದ್ದೇನೆ. ಮಕ್ಕಳು ಆಟವನ್ನು ಹುಡುಕಿಕೊಳ್ಳುತ್ತಾರೆ, ಆವರ್ತ ಕೋಷ್ಟಕದ ಕ್ಯಾಲ್ಜಿಯಂ ಅಲ್ಲೇ ಮೂಲೆಯಲ್ಲಿರುತ್ತದೆ. ಪಾಠದ ಹೆಸರು ಹೇಳಿ ಸಮರ್ಥಿಸಲಾಗದ ತಂತ್ರಾಂಶ ಶಾಲೆಯ ಪಟ್ಟಿಯಲ್ಲಿ ಇರಕೂಡದು.

ಶಿಕ್ಷಕ ಮಿತ್ರರು ಒಂದು ಪರೀಕ್ಷೆ ಮಾಡಿ ನೋಡಬಹುದು. ಜಾಲದ ತಂತಿಯನ್ನು ಕಿತ್ತು, ಡಿಫಾಲ್ಟ್ ಸ್ಥಾಪನೆ ಮುಗಿಸಿ, ಮೂರು ಕೆಲಸ ಕೊಡಿ: 'ಬೆಳಕಿನ ವಕ್ರೀಭವನ' ಎಂದು ಕನ್ನಡದಲ್ಲಿ ಬರೆಯುವುದು, ತರಗತಿಯ ಅಂಕಗಳ ಸರಾಸರಿ ತೆಗೆಯುವ ಕೋಷ್ಟಕ ಮಾಡುವುದು, ಪೀನ ಮಸೂರದ ಕಿರಣಚಿತ್ರವನ್ನು ರಚಿಸಿ, ವಸ್ತುವನ್ನು ಸರಿಸಿದಂತೆ ಬಿಂಬವೂ ಸರಿಯುವುದನ್ನು ತೋರಿಸುವುದು. ಉಬುಂಟು 24.04ರಲ್ಲಿ ಮೊದಲನೆಯದು ಸಾಧ್ಯ, ಕಗಪ ಇರುವುದರಿಂದ. ಎರಡನೆಯದು ಇಲ್ಲ, ವಿಸ್ತೃತ ಆಯ್ಕೆಯ ಗುಂಡಿ ಒತ್ತಿದ್ದರೆ ಮಾತ್ರ ಆಗುತ್ತದೆ. ಮೂರನೆಯದಕ್ಕೆ ಬೇಕಾದ ಜಿಯೋಜೀಬ್ರ ಎರಡರಲ್ಲಿಯೂ ಇಲ್ಲ. ಅದರ ಪರವಾನಗಿ ವಾಣಿಜ್ಯ ಬಳಕೆಗೆ ನಿರ್ಬಂಧ ಹಾಕಿರುವುದರಿಂದ ಸಾಮಾನ್ಯ ಲಿನಕ್ಸ್ ತಯಾರಕರು ಅದನ್ನು ಡಿಫಾಲ್ಟ್ ಪಟ್ಟಿಗೆ ಸೇರಿಸುವಂತಿಲ್ಲ. ಶಾಲೆಗೆ ಆ ನಿರ್ಬಂಧ ತಟ್ಟುವುದಿಲ್ಲ.