ಪಟ್ಟಿ ಕೊಟ್ಟವನೇ ಹೀರೋ

ಮಾಗಡಿ ಎಂದರೆ ಹೊರಗಿನವರಿಗೆ ಕೆರೆ, ಚಳಿಗಾಲಕ್ಕೆ ಅಲ್ಲಿ ಬಂದಿಳಿಯುವ ಪಟ್ಟೆತಲೆ ಹೆಬ್ಬಾತು. 2024ರಲ್ಲಿ ಕೆರೆ ರಾಮ್ಸರ್ ಪಟ್ಟಿಗೆ ಸೇರಿದ ಮೇಲೆ ಊರಿನ ಹೆಸರು ಇನ್ನಷ್ಟು ದೂರ ಹೋಯಿತು. ಆದರೆ ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಸೀಮೆಯ ಹಳ್ಳಿಗಳಿಗೆ ಇನ್ನೊಂದು ಹಂಗಾಮು ಉಂಟು, ನಾಟಕದ ಹಂಗಾಮು. ಸುಗ್ಗಿ ಮುಗಿದು ಜಾತ್ರೆ ಹತ್ತಿರವಾದಂತೆ ಗುಡಿಯ ಪಡಸಾಲೆಯಲ್ಲಿ ಪೇಟಿಯ ದನಿ ಏಳುತ್ತದೆ. ನಟನಾಗುವ ಹುಚ್ಚು ಹಿಡಿದ ಹುಡುಗನಿಗೆ ಇಲ್ಲಿ ಹಿರಿಯರು ಹೇಳುವ ದಾರಿ ಒಂದೇ: ‘ಈ ಸಲ ನಾಟಕದಾಗ ಒಂದು ಪಾತ್ರ ಹಿಡಿ.’

ಈ ದಾರಿ ನಟನನ್ನು ತಯಾರು ಮಾಡುತ್ತದೆಯೇ? ಅರ್ಧ ಮಾತ್ರ ಮಾಡುತ್ತದೆ ಎಂಬುದು ನನ್ನ ಲೆಕ್ಕ. ಉಳಿದರ್ಧ ಅದೇ ರಂಗದ ಮೇಲೆಯೇ ನಿಂತಿರುತ್ತದೆ, ಯಾರೂ ಅದರಿಂದ ಕಲಿಯುವುದಿಲ್ಲ.

ಮೊದಲು ಪಾತ್ರ ಹಂಚುವ ಬಗೆ ನೋಡಿ. ನಾಟಕದ ಪುಸ್ತಕ ಬರುತ್ತದೆ, ಮಾಸ್ತರರು ಬರುತ್ತಾರೆ, ಕಮಿಟಿ ಕೂಡುತ್ತದೆ. ಡ್ರೆಸ್, ಸೀನು, ಲೈಟು, ಮೈಕು, ಪೇಟಿ, ತಬಲಾ, ನಟಿಯರ ಸಂಭಾವನೆ ಎಲ್ಲದರ ಖರ್ಚನ್ನೂ ಪಾತ್ರಧಾರಿಗಳ ಮೇಲೆ ಪಟ್ಟಿ ಹಾಕುತ್ತಾರೆ. ಹೀರೋ ಪಾತ್ರಕ್ಕೆ ಹೆಚ್ಚು, ವಿಲನ್ನಿಗೆ ಅದರ ಹಿಂದೆ, ಎರಡು ಮಾತಿನ ಪೊಲೀಸನಿಗೆ ಕಡಿಮೆ. ಹೀಗಾಗಿ ದನಿ ಇದ್ದವನು ಪೊಲೀಸನಾಗುತ್ತಾನೆ, ಶೇಂಗಾಕ್ಕೆ ಒಳ್ಳೆಯ ರೇಟು ಸಿಕ್ಕವನು ಹೀರೋ ಆಗುತ್ತಾನೆ. ಇದನ್ನು ಬರೀ ಆಡಿಕೊಳ್ಳಬೇಕಿಲ್ಲ. ಸರ್ಕಾರದ ಕಾಸಿಲ್ಲದೆ, ಟಿಕೆಟ್ಟಿಲ್ಲದೆ ಊರು ತನ್ನ ನಾಟಕವನ್ನು ತಾನೇ ಸಾಕಿಕೊಂಡಿರುವ ರೀತಿ ಇದು. ಆದರೆ ಪಾತ್ರ ಕೊಂಡವನನ್ನು ಮಾಸ್ತರರು ತಿದ್ದುವುದಾದರೂ ಹೇಗೆ?

ತಾಲೀಮಿನಲ್ಲಿ ಹುಡುಗರು ಕಲಿಯುವುದು ಬಾಯಿಪಾಠ ಮತ್ತು ಗಂಟಲು. ಕೊನೆಯ ಸಾಲಿನ ಅಜ್ಜನಿಗೂ ಮಾತು ಮುಟ್ಟಬೇಕೆಂಬ ಶಿಸ್ತು ಚಿಕ್ಕದಲ್ಲ. ಪಟ್ಟಣದ ಕಾರ್ಯಾಗಾರಗಳಿಂದ ಬಂದ ಎಷ್ಟೋ ಜನರಿಗೆ ಅದು ಒದಗಿಲ್ಲ. ಕೊರತೆ ಇರುವುದು ಬೇರೆ ಕಡೆ. ನಟಿಯರು ಬಹಳ ಕಡೆ ನಾಟಕದ ದಿನವೇ ಬರುತ್ತಾರೆ, ಹೆಚ್ಚೆಂದರೆ ಹಿಂದಿನ ರಾತ್ರಿ. ತಿಂಗಳುಗಟ್ಟಲೆ ಹೀರೋ ತನ್ನ ಪ್ರೇಮದ ಮಾತನ್ನು ಮಾಸ್ತರರ ಮುಖಕ್ಕೋ ಗುಡಿಯ ಕಂಬಕ್ಕೋ ಹೇಳಿರುತ್ತಾನೆ. ಎದುರಿನಿಂದ ಉತ್ತರ ಬಂದಾಗ ಮುಖ ಏನು ಮಾಡಬೇಕು, ಕೈ ಎಲ್ಲಿಡಬೇಕು ಎಂಬುದು ಅವನಿಗೆ ಗೊತ್ತಿರುವುದಿಲ್ಲ. ಮಾತಾಡಲು ಕಲಿತಿದ್ದಾನೆ, ಕೇಳಿಸಿಕೊಳ್ಳಲು ಕಲಿತಿಲ್ಲ. ನಟನೆಯ ದೊಡ್ಡ ಪಾಲು ಕೇಳಿಸಿಕೊಳ್ಳುವುದರಲ್ಲೇ ಇದೆ.

ನಾನು ಕಂಡ ಒಂದು ನಾಟಕದಲ್ಲಿ, ಊರ ಹೆಸರು ಬೇಡ, ಹೀರೋನಿಗೆ ಮಾತು ಮರೆತುಹೋಯಿತು. ಪರದೆ ಹಿಂದಿನವರು ಮಾತು ಎತ್ತಿಕೊಟ್ಟರು, ಅವನ ಕಿವಿಗೆ ಬೀಳಲಿಲ್ಲ. ಎದುರಿಗಿದ್ದ ನಟಿ ಒಂದು ಹೆಜ್ಜೆ ಮುಂದೆ ಬಂದು, ಸೆರಗು ಸರಿಪಡಿಸಿಕೊಂಡು, ‘ಯಾಕ ಸುಮ್ಮನ ನಿಂತ್ರಿ? ಹೊಲದ ಪತ್ರ ಗೌಡ್ರ ಕೈ ಸೇರಿತು ಅಂತ ಹೇಳಾಕ ನಾಲಿಗಿ ಏಳವಲ್ದೇನು?’ ಎಂದಳು. ಅವನು ಹೇಳಬೇಕಿದ್ದ ಮಾತನ್ನೇ ತನ್ನ ಪ್ರಶ್ನೆ ಮಾಡಿ ಅವನ ಬಾಯಿಗಿಟ್ಟಳು. ಅವನು ‘ಹೌದು’ ಎಂದು ಶುರು ಮಾಡಿದ, ಸೀಟಿ ಬಿದ್ದವು. ಬಿದ್ದದ್ದು ಅವನಿಗೆ.

ಅಷ್ಟರಲ್ಲಿ ಆಯೇರಿ ಶುರುವಾಯಿತು. ಮಾವಂದಿರು, ಗೆಳೆಯರ ಬಳಗ ಸಾಲಾಗಿ ರಂಗ ಹತ್ತಿ ಹೀರೋನ ಅಂಗಿಗೆ ನೋಟು ಚುಚ್ಚಿದರು. ಒಬ್ಬೊಬ್ಬರ ಹೆಸರೂ ಮೈಕಿನಲ್ಲಿ. ಕೊನೆಯಲ್ಲಿ ಗುಂಡು ತಿಂದು ಸತ್ತುಬಿದ್ದವನು ಸೋದರಮಾವನ ಉಂಗುರಕ್ಕಾಗಿ ಎದ್ದು ಕೂತು, ಬೆರಳು ಚಾಚಿ, ಮತ್ತೆ ಸತ್ತ. ಆಕೆ ಮಾತ್ರ ಅಷ್ಟು ಹೊತ್ತೂ ಹೆಣದ ಪಕ್ಕ ಅಳುವ ಭಂಗಿ ಬಿಡದೆ ಕೂತಿದ್ದಳು. ಅಭಿನಯ ಎಂದರೇನೆಂದು ನೋಡಬೇಕಿದ್ದವರು ಅವಳನ್ನು ನೋಡಬೇಕಿತ್ತು. ಹ್ಯಾಂಡಬಿಲ್ಲಿನಲ್ಲಿ ಅವಳ ಫೋಟೋ ದೊಡ್ಡದಾಗಿಯೇ ಇತ್ತು, ಕೆಳಗೆ ‘ನೃತ್ಯತಾರೆ’ ಎಂದಿತ್ತು.

ಈ ಸೀಮೆಗೆ ನಟನೆಯ ಪಾಠ ಹೊಸದಲ್ಲ. ಶಾಂತಕವಿಗಳು 1870ರ ದಶಕದಲ್ಲೇ ಗದುಗಿನಲ್ಲಿ ಕೃತಪುರ ನಾಟಕ ಮಂಡಳಿ ಕಟ್ಟಿದರು, ಮರಾಠಿ ನಾಟಕಗಳ ಅಬ್ಬರದ ಎದುರು. ಮಾಗಡಿಯ ಪಕ್ಕದ ಶಿರಹಟ್ಟಿಯಲ್ಲಿ ವೆಂಕೋಬರಾಯರ ಕಂಪನಿ ಇತ್ತು. ಆಮೇಲೆ ಸ್ವಂತ ಕಂಪನಿ ಕಟ್ಟಿ ಹೆಸರಾದ ವಾಮನರಾವ್ ಮಾಸ್ತರರು ಅಲ್ಲಿಂದಲೇ ಬಂದವರು. ಗದುಗಿನ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯಂತೂ ‘ಎಚ್ಚಮನಾಯಕ’ದಿಂದ ಮನೆಮಾತಾಯಿತು. ವೀರೇಶ್ವರ ಪುಣ್ಯಾಶ್ರಮದ ದಾಸೋಹಕ್ಕೂ ನಾಟಕದ ಗಲ್ಲೆ ಆಸರೆಯಾಗಿತ್ತು. ಲಕ್ಷ್ಮೇಶ್ವರದ ಬಚ್ಚಾಸಾನಿ ಹೆಂಗಸರದೇ ನಾಟಕ ಮಂಡಳಿ ನಡೆಸಿದಳು. ಗಂಡಸರೇ ಸೀರೆ ಉಟ್ಟು ನಾಯಕಿಯರಾಗುತ್ತಿದ್ದ ಕಾಲದ ಮಾತಿದು. ಅವಳ ಊರಿನಿಂದ ಕೂಗಳತೆಯಲ್ಲಿರುವ ಹಳ್ಳಿಗಳಲ್ಲಿ ಇವತ್ತಿಗೂ ಊರ ಹೆಣ್ಣುಮಗಳೊಬ್ಬಳು ಊರ ನಾಟಕದಲ್ಲಿ ಬಣ್ಣ ಹಚ್ಚುವುದು ಅಪರೂಪ.

ಕಂಪನಿಗಳಲ್ಲಿ ಆಡಿಷನ್ ಎಂಬುದೇ ಇರಲಿಲ್ಲ. ಹುಡುಗ ಬಾಲಪಾತ್ರಕ್ಕೆ ಸೇರುತ್ತಿದ್ದ, ಸಾಮಾನು ಹೊರುತ್ತಿದ್ದ, ಪರದೆ ಎಳೆಯುತ್ತಿದ್ದ. ಪಕ್ಕದ ಪರದೆಯ ಮರೆಯಲ್ಲಿ ನಿಂತು ಅದೇ ನಾಟಕವನ್ನು ರಾತ್ರಿ ಮೇಲೆ ರಾತ್ರಿ ಕೇಳಿ ಕೇಳಿ, ಒಂದು ದಿನ ಮುಖ್ಯ ನಟನಿಗೆ ಜ್ವರ ಬಂದಾಗ ಕಿರೀಟ ಅವನ ತಲೆಗೆ ಬರುತ್ತಿತ್ತು. ಮಲ್ಲಿಕಾರ್ಜುನ ಮನ್ಸೂರರು ಹುಡುಗರಾಗಿದ್ದಾಗ ನಾಟಕ ಕಂಪನಿಯಲ್ಲಿ ಪಾತ್ರ ಮಾಡಿದವರು. ರಾಜಕುಮಾರ್ ತಂದೆಯ ಜೊತೆ ಗುಬ್ಬಿ ಕಂಪನಿಯಲ್ಲಿ ಬೆಳೆದು, 1954ರಲ್ಲಿ ‘ಬೇಡರ ಕಣ್ಣಪ್ಪ’ದ ನಾಯಕನಾಗುವ ಹೊತ್ತಿಗೆ ಅವರ ಕಿವಿ ಹದವಾಗಿತ್ತು. ಹಾಗೆಂದು ಆ ಕಾಲವನ್ನು ಹೊಗಳಿ ಕೂರುವಂತಿಲ್ಲ. ಕಂಪನಿ ಮಕ್ಕಳ ಶಾಲೆ ಬಿಡಿಸಿತು, ಮಳೆಗಾಲದಲ್ಲಿ ಉಪವಾಸ ಕೆಡವಿತು, ಮಾಲೀಕರ ಧಾಟಿಯನ್ನೇ ಒಪ್ಪಿಸುವ ಗಿಳಿಗಳನ್ನೂ ಸಾಕಷ್ಟು ತಯಾರಿಸಿತು.

ಆ ಕೇಳಿಸಿಕೊಳ್ಳುವ ವಿದ್ಯೆಯನ್ನು ಹಸಿವಿಲ್ಲದೆ ಕಲಿಸಬಹುದು ಎಂದು ತೋರಿಸಿದ್ದು ಹೆಗ್ಗೋಡಿನ ನೀನಾಸಮ್. ಕೆ.ವಿ. ಸುಬ್ಬಣ್ಣನವರು 1980ರಲ್ಲಿ ಅಲ್ಲಿ ರಂಗಶಿಕ್ಷಣ ಕೇಂದ್ರ ತೆರೆದರು. 1985ರಿಂದ ನೀನಾಸಮ್‌ನ ನಾಟಕ ತಂಡ ‘ತಿರುಗಾಟ’ ಊರೂರು ಸುತ್ತುತ್ತಿದೆ. ಕಲಿತವರಿಗೆ ಅದೇ ನಾಟಕವನ್ನು ಬೇರೆ ಬೇರೆ ಊರಿನ ಜನರ ಮುಂದೆ ಮತ್ತೆ ಮತ್ತೆ ಆಡುವ ಅವಕಾಶ ಅಲ್ಲಿದೆ. ಕಂಪನಿಯ ಗುಣವೂ ಅದೇ ಆಗಿತ್ತು. ರೀಲ್ಸಿನಲ್ಲಿ ತುಟಿ ಆಡಿಸಿ ‘ಚಾನ್ಸ್’ ಕಾಯುವ ಹುಡುಗರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿ ಎದುರು ಪಾತ್ರವೇ ಇಲ್ಲ.

ಆದರೆ ಮಾಗಡಿಯ ಹುಡುಗನಿಗೆ ಹೆಗ್ಗೋಡು ದೂರ. ಒಂದು ವರ್ಷದ ದುಡಿಮೆ ಬಿಟ್ಟು ಹೋಗುವುದು ಎಲ್ಲರ ಕೈಲಾಗದು. ಅವನ ಹತ್ತಿರದ ಗುರು ಜಾತ್ರೆಯ ದಿನ ಬಸ್ಸಿಳಿದು ಬರುವ ಆ ನಟಿ. ಹತ್ತಾರು ನಾಟಕ ಅವಳಿಗೆ ಬಾಯಿಗೆ ಬರುತ್ತವೆ, ಗುರುತಿಲ್ಲದ ಹೀರೋನ ಜೊತೆ ಬೆಳಗಿನವರೆಗೂ ಸಂಸಾರ ತೂಗಿಸುತ್ತಾಳೆ. ಅವಳನ್ನು ಒಂದು ವಾರ ಮೊದಲೇ ಕರೆಸಿ, ಅಷ್ಟೂ ದಿನದ ಸಂಭಾವನೆ ಕೊಟ್ಟು, ಮಾಸ್ತರರ ಪಕ್ಕದಲ್ಲಿ ಕುರ್ಚಿ ಹಾಕಿ ಹುಡುಗರಿಗೆ ಪಾಠ ಹೇಳಿಸಬಾರದೇಕೆ ಎಂದು ಒಂದು ಕಮಿಟಿಯವರನ್ನು ಕೇಳಿದ್ದೆ. ಖರ್ಚು ಜಾಸ್ತಿ ಆಗುತ್ತದೆ ಎಂದರು ಮೊದಲು. ಡಿಜೆಗೆ ಕೊಟ್ಟದ್ದನ್ನು ನೆನಪಿಸಿದಾಗ ಒಬ್ಬ ಹಿರಿಯರು ನಿಜ ಹೇಳಿದರು: ‘ರೊಕ್ಕದ ಮಾತಲ್ರೀ. ವಾರಗಟ್ಟಲೆ ಆಕೀನ ಯಾರ ಮನ್ಯಾಗ ಇಟಗೊಳ್ಳೂದು?’